ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮೂರಿನ ತೋಟದಲ್ಲಿ ಪಂಪ್‌ಸೆಟ್ ನೀರೆತ್ತದೇ ಹೋದರೆ ಅಪ್ಪ ಮೊದಲು ಬೈಯುತ್ತಿದ್ದದ್ದು ಮೋಟಾರು ರಿಪೇರಿ ಮಾಡಿಕೊಟ್ಟವನನ್ನು. ಆಮೇಲೆ ನೋಡಿದರೆ ಫುಟ್‌ವಾಲ್ವಿಗೆ ಎಲೆ ಸಿಕ್ಕಿಕೊಂಡಿರುತ್ತಿತ್ತು, ಇಲ್ಲಾ ಕರೆಂಟಿನ ಮೂರು ಫೇಸಿನಲ್ಲಿ ಒಂದು ಕೈಕೊಟ್ಟಿರುತ್ತಿತ್ತು. ಅಜ್ಜಿ ಜಗಲಿ ಮೇಲೆ ಕೂತು "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾನೆ ನಿಮ್ಮಪ್ಪ" ಅಂತ ನಗೋರು. ನಾನೂ ನಗುತ್ತಿದ್ದೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಎರಡು ವರ್ಷ ತುಂಬೋದರೊಳಗೆ ನಾನೂ ಅದನ್ನೇ ಮಾಡಿದೆ.

2011ರ ಮಾತು. ಒಂದು ಡೇಟಾ ಸೆಂಟರಿನಲ್ಲಿ 24 ಸರ್ವರುಗಳಿಗೆ ಲಿನಕ್ಸ್ ಹಾಕುವ ಕೆಲಸ ನನಗೆ ಬಿತ್ತು. ಒಂದು ಕಂಪ್ಯೂಟರಿಗಾದರೆ ಸಿಡಿ ಹಾಕಿ, ಭಾಷೆ ಯಾವುದು, ಟೈಮ್‌ಝೋನ್ ಯಾವುದು, ಡಿಸ್ಕನ್ನು ಹೇಗೆ ಭಾಗ ಮಾಡಬೇಕು, ಪಾಸ್‌ವರ್ಡ್ ಏನು ಅಂತ ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಕೂರಬಹುದು. 24ಕ್ಕೆ ಹಾಗೆ ಕೂರೋಕಾಗಲ್ಲ. ಮದುವೆ ಮನೆಯ ಅಡುಗೆ ಭಟ್ಟರಿಗೆ ಹಿಂದಿನ ದಿನವೇ ಚೀಟಿ ಬರೆದು ಕೊಡುವ ಹಾಗೆ, ಎಲ್ಲ ಪ್ರಶ್ನೆಗಳ ಉತ್ತರವನ್ನೂ ಒಂದು ಫೈಲಿನಲ್ಲಿ ಮೊದಲೇ ಬರೆದಿಡುತ್ತಾರೆ. ರೆಡ್ ಹ್ಯಾಟ್‌ನವರು ಅದನ್ನು ಕಿಕ್‌ಸ್ಟಾರ್ಟ್ ಅಂತಾರೆ, ಡೆಬಿಯನ್‌ನವರು ಪ್ರೀಸೀಡ್ ಅಂತಾರೆ. ನಮ್ಮದು ಡೆಬಿಯನ್. ಖಾಲಿ ಸರ್ವರಿನ ಪವರ್ ಬಟನ್ ಒತ್ತಿದರೆ ಸಾಕು, ಅದು ನೆಟ್‌ವರ್ಕಿನಿಂದಲೇ ಇನ್‌ಸ್ಟಾಲರನ್ನು ತರಿಸಿಕೊಂಡು, ಚೀಟಿ ಓದಿಕೊಂಡು, ತಾನೇ ತನ್ನೊಳಗೆ ಲಿನಕ್ಸ್ ಹಾಕಿಕೊಳ್ಳುತ್ತೆ. ಹೇಳೋಕೆ ಇಷ್ಟೇ.

ಹಳೇ ರ‍್ಯಾಕಿನ 8 ಸರ್ವರು ಸಲೀಸಾಗಿ ಮುಗಿದವು. ಹೊಸ ರ‍್ಯಾಕಿನ 16 ಸರ್ವರು ಒಂದೇ ಜಾಗದಲ್ಲಿ ನಿಂತವು. ಇನ್‌ಸ್ಟಾಲರ್ ಬರುತ್ತೆ, ನೀಲಿ ಪರದೆ ಕಾಣುತ್ತೆ, ಸ್ವಲ್ಪ ಹೊತ್ತಿಗೆ ನೆಟ್‌ವರ್ಕನ್ನು ತಾನಾಗಿ ಹೊಂದಿಸಿಕೊಳ್ಳೋಕೆ ಆಗಲಿಲ್ಲ ಅನ್ನೋ ಕೆಂಪು ಸಂದೇಶ. ರೀಬೂಟ್ ಮಾಡಿದೆ. ಅದೇ. ಇನ್ನೊಂದು ಸಲ. ಅದೇ. ಹೊಸ ರ‍್ಯಾಕಿಗೆ ಕೇಬಲ್ ಎಳೆದಿದ್ದು ಹಿಂದಿನ ದಿನ. ಇನ್ನೇನು ಬೇಕು? ಕೇಬಲ್ ಹುಡುಗನನ್ನು ಕರೆಸಿದೆ.

ಹುಡುಗ ಅಂತೀನಿ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಗುತ್ತಿಗೆದಾರನ ಕೈಕೆಳಗೆ ದಿನಗೂಲಿ. ರಾತ್ರಿ 11 ಗಂಟೆಗೆ ಬಂದ. ಟಾರ್ಚ್ ಬಿಟ್ಟು ರ‍್ಯಾಕಿನ ಹಿಂದೆ ನೋಡಿ, "ಲೈಟ್ ಹತ್ತೈತಲ್ಲ ಸಾರ್" ಅಂದ. ಸ್ವಿಚ್ಚಿನ ಪ್ರತಿ ಪೋರ್ಟಿನಲ್ಲೂ ಹಸಿರು ಲೈಟು ಹತ್ತಿತ್ತು. "ಲೈಟ್ ಹತ್ತಿದ್ರೆ ಆಗೋಯ್ತಾ? ಎಲ್ಲಾ ತುದೀನೂ ಬಿಚ್ಚಿ ಮತ್ತೆ ಕಟ್ಟು" ಅಂದೆ. ಅವನು ಮಾತಾಡಲಿಲ್ಲ. ಒಂದೊಂದೇ ಕೇಬಲ್ಲಿನ ಎರಡೂ ತುದಿ ಕತ್ತರಿಸಿ, ಎಂಟು ತಂತಿಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಹೊಸ ಕನೆಕ್ಟರ್ ಹಾಕಿ ಒತ್ತಿ, ಟೆಸ್ಟರಿಗೆ ಹಿಡಿದು, ಸಿಕ್ಕಿಸಿ, ವೆಲ್‌ಕ್ರೋ ಪಟ್ಟಿಯಿಂದ ಕಟ್ಟಿ, ಲೇಬಲ್ ಅಂಟಿಸಿ, ಆಮೇಲೆ "ಆಯ್ತು ಸಾರ್" ಅನ್ನೋನು. ನಾನು ಆಚೆ ತುದಿಯ ಕನ್ಸೋಲಿಗೆ ನಡೆದು ಹೋಗಿ ರೀಟ್ರೈ ಒತ್ತುತ್ತಿದ್ದೆ. ಹೋಗೇಬಿಡೋದು! ಒಂದಾದ ಮೇಲೊಂದು ಹದಿನಾರೂ ಹೋದವು. ಬೆಳಗಿನ ಜಾವ 5 ಗಂಟೆ ಆಗಿತ್ತು.

ಮನೆಗೆ ಹೋಗೋ ಮುಂಚೆ ಮೇಲ್ ಬರೆದೆ. ಹದಿನಾರು ಕೇಬಲ್‌ಗಳ ತುದಿ ಸರಿಯಾಗಿ ಕಟ್ಟಿರಲಿಲ್ಲ, ಮತ್ತೆ ಕಟ್ಟಿಸಿದ ಮೇಲೆ ಸರಿಹೋಯಿತು ಅಂತ. ಹದಿನಾಲ್ಕು ಜನಕ್ಕೆ ಆ ಮೇಲ್ ಹೋಯಿತು. ಗುತ್ತಿಗೆದಾರ ಅವನ ಎರಡು ದಿನದ ಕೂಲಿ ಹಿಡಿದ ಅಂತ ಆಮೇಲೆ ಗೊತ್ತಾಯಿತು.

ಕೇಬಲ್ ಸರಿಯಾಗೇ ಇತ್ತು. ಆ ರಾತ್ರಿ ನಿಜವಾಗಿ ಏನಾಯಿತು ಅಂತ ಹೇಳಬೇಕಾದರೆ ಸುಮಾರು 30 ವರ್ಷ ಹಿಂದಕ್ಕೆ ಹೋಗಬೇಕು.

*

ಕಂಪ್ಯೂಟರ್ ಶುರುವಾಗೋದನ್ನು ಬೂಟ್ ಆಗೋದು ಅಂತೀವಲ್ಲ, ಆ ಪದ ಬಂದಿದ್ದು ಬೂಟ್‌ಸ್ಟ್ರ್ಯಾಪ್‌ನಿಂದ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳೋದು. ಡಿಸ್ಕ್ ಇರೋ ಯಂತ್ರಕ್ಕೆ ಇದು ಅಷ್ಟು ಕಷ್ಟವಲ್ಲ, ಪಟ್ಟಿ ಅದರ ಹತ್ತಿರವೇ ಇರುತ್ತೆ. ಆದರೆ 1980ರ ದಶಕದ ಮೊದಲ ಭಾಗದಲ್ಲಿ ಡಿಸ್ಕ್ ಅಂದರೆ ಬಲು ದುಬಾರಿ. ಸನ್ ಮೈಕ್ರೋಸಿಸ್ಟಮ್ಸ್‌ನಂಥ ಕಂಪನಿಗಳು ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್ನುಗಳನ್ನು ಮಾರುತ್ತಿದ್ದವು. ಪರದೆ, ಪ್ರೊಸೆಸರ್, ಮೆಮೊರಿ, ಒಂದು ನೆಟ್‌ವರ್ಕ್ ಕಾರ್ಡ್. ಉಳಿದಿದ್ದೆಲ್ಲ ಬೇರೆ ಕೋಣೆಯ ಸರ್ವರಿನಲ್ಲಿ.

ಇಂಥ ಯಂತ್ರಕ್ಕೆ ಕರೆಂಟ್ ಬಂದಾಗ ಅದರ ಪರಿಸ್ಥಿತಿ ಜಾತ್ರೆಯಲ್ಲಿ ಕಳೆದುಹೋದ ಮಗುವಿನದ್ದು. ತನ್ನ ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ಕೊರಳಲ್ಲಿ ಒಂದು ತಾಯತ ಮಾತ್ರ ಇದೆ. ಅದು ನೆಟ್‌ವರ್ಕ್ ಕಾರ್ಡು ತಯಾರಾಗುವಾಗಲೇ ಅದರ ಮೇಲೆ ಕೊರೆದ 48 ಬಿಟ್ಟಿನ ಮ್ಯಾಕ್ ವಿಳಾಸ. ಮಗು ಮಾಡಬಹುದಾದದ್ದು ಒಂದೇ. "ಈ ತಾಯತದವನು ಯಾರ ಮನೆಯವನು?" ಅಂತ ಇಡೀ ಜಾತ್ರೆಗೆ ಕೇಳುವ ಹಾಗೆ ಕೂಗೋದು. ನೆಟ್‌ವರ್ಕಿನ ಭಾಷೆಯಲ್ಲಿ ಇದಕ್ಕೆ ಬ್ರಾಡ್‌ಕಾಸ್ಟ್ ಅಂತಾರೆ.

1984ರ ಜೂನಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಾಲ್ವರು ಈ ಕೂಗಿಗೆ ಒಂದು ನಿಯಮ ಬರೆದರು. ಅದೇ ಆರ್‌ಎಫ್‌ಸಿ 903, ಹೆಸರು ಆರ್‌ಎಆರ್‌ಪಿ. ತಾಯತ ತೋರಿಸಿದರೆ ಐಪಿ ವಿಳಾಸ ಹೇಳುತ್ತೆ, ಅಷ್ಟೇ. ಇನ್‌ಸ್ಟಾಲರ್ ಎಲ್ಲಿದೆ, ಹೊರಗೆ ಹೋಗೋ ದಾರಿ ಯಾವುದು, ಅದೆಲ್ಲ ಹೇಳಲ್ಲ. ಮೇಲಾಗಿ ಊರಿನ ಡಂಗುರ ಊರ ಗಡಿ ದಾಟಲ್ಲವಲ್ಲ, ಹಾಗೆ ಈ ಕೂಗು ರೂಟರ್ ದಾಟುತ್ತಿರಲಿಲ್ಲ. ಪ್ರತಿ ನೆಟ್‌ವರ್ಕಿಗೂ ಒಬ್ಬ ಉತ್ತರ ಕೊಡೋ ಸರ್ವರ್ ಕೂರಬೇಕಿತ್ತು.

ಮರುವರ್ಷ, 1985ರ ಸೆಪ್ಟೆಂಬರಿನಲ್ಲಿ, ಸ್ಟ್ಯಾನ್‌ಫರ್ಡ್‌ನ ಬಿಲ್ ಕ್ರಾಫ್ಟ್ ಮತ್ತು ಸನ್ ಕಂಪನಿಯ ಜಾನ್ ಗಿಲ್ಮೋರ್ ಸೇರಿ ಬೂಟ್‌ಪಿ ಅನ್ನೋ ಪ್ರೋಟೊಕಾಲ್ ಬರೆದರು, ಆರ್‌ಎಫ್‌ಸಿ 951. ವಿಳಾಸದ ಜೊತೆಗೆ ಯಾವ ಸರ್ವರಿನಿಂದ ಯಾವ ಫೈಲ್ ತರಿಸಿಕೊಳ್ಳಬೇಕು ಅಂತಲೂ ಇದು ಹೇಳುತ್ತೆ. ಕೂಗನ್ನು ಪಕ್ಕದೂರಿಗೆ ಒಯ್ದು ಮುಟ್ಟಿಸೋ ಮಧ್ಯವರ್ತಿಗೂ ಜಾಗ ಮಾಡಿಟ್ಟಿತು. ಆ ಮಧ್ಯವರ್ತಿಯನ್ನು ಇವತ್ತು ರಿಲೇ ಏಜೆಂಟ್ ಅಂತೀವಿ. ಇವತ್ತಿಗೂ "ಇನ್‌ಸ್ಟಾಲ್ ಆಗ್ತಿಲ್ಲ" ಅಂತ ಬರೋ ದೂರುಗಳಲ್ಲಿ ರೂಟರಿನಲ್ಲಿ ರಿಲೇ ವಿಳಾಸ ಬರೆಯೋದು ಮರೆತದ್ದು ಮಾಮೂಲು.

ಆ ದಾಖಲೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಭಾಗ ಇದೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಸಮಸ್ಯೆಗೇ ಅವರು ಒಂದು ತಲೆಬರಹ ಕೊಟ್ಟು ಚರ್ಚಿಸಿದ್ದಾರೆ. ತನ್ನ ವಿಳಾಸವೇ ಗೊತ್ತಿಲ್ಲದ ಯಂತ್ರಕ್ಕೆ ಅದರ ವಿಳಾಸವನ್ನು ಯಾವ ವಿಳಾಸಕ್ಕೆ ಕಳಿಸೋದು? ನಮ್ಮ ಕಡೆ ಇದನ್ನು ಇನ್ನೂ ಚೆನ್ನಾಗಿ ಹೇಳ್ತಾರೆ: ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ನೆಟ್‌ವರ್ಕಿನಿಂದ ಇನ್‌ಸ್ಟಾಲ್ ಮಾಡೋ ಕೆಲಸದ ಇಡೀ ಇತಿಹಾಸ ಈ ಗಾದೆಯ ಸುತ್ತಲೇ ತಿರುಗುತ್ತೆ. ಈ ಗಾದೆ ಮುಂದೆ ಇನ್ನೊಮ್ಮೆ ಬರುತ್ತೆ, ನೆನಪಿಟ್ಟುಕೊಳ್ಳಿ.

*

ವಿಳಾಸ ಸಿಕ್ಕಿತು, ಫೈಲಿನ ಹೆಸರೂ ಸಿಕ್ಕಿತು. ಇನ್ನು ತರಿಸಿಕೊಳ್ಳೋದು ಹೇಗೆ? ಯಂತ್ರದೊಳಗಿನ ಆ ಸಣ್ಣ ರಾಮ್ ಚಿಪ್ಪಿನಲ್ಲಿ ದೊಡ್ಡ ಪ್ರೋಗ್ರಾಮ್ ಹಿಡಿಸೋಲ್ಲ. ಅದಕ್ಕೆ ಟಿಎಫ್‌ಟಿಪಿ ಅನ್ನೋ ಪುಟ್ಟ ವಿಧಾನ ಬಂತು. ಅದರ 1981ರ ದಾಖಲೆಯನ್ನೂ, 1992ರ ತಿದ್ದುಪಡಿಯನ್ನೂ ಬರೆದವರು ಎಂಐಟಿಯ ಕ್ಯಾರೆನ್ ಸಾಲಿನ್ಸ್. ವಿಧಾನ ಬಾವಿಯಿಂದ ನೀರು ಸೇದಿದ ಹಾಗೆ. 512 ಬೈಟಿನ ಒಂದು ಕೊಡ ಬರುತ್ತೆ, "ಮುಟ್ಟಿತು" ಅಂತ ಹೇಳಬೇಕು, ಆಮೇಲೆ ಮುಂದಿನ ಕೊಡ. ಹೇಳೋವರೆಗೂ ಮುಂದಿನದು ಬರಲ್ಲ.

ಇದರಲ್ಲೊಂದು ಪ್ರಸಿದ್ಧ ಎಡವಟ್ಟಿತ್ತು. ಒಂದು ಕೊಡ ದಾರಿಯಲ್ಲಿ ಕಳೆದುಹೋಗಿರಲ್ಲ, ತಡವಾಗಿರುತ್ತೆ ಅಷ್ಟೇ ಅಂದುಕೊಳ್ಳಿ. ಕಾದು ಸಾಕಾದವನು ಕಳೆದೇಹೋಯಿತು ಅಂತ ಇನ್ನೊಂದು ಸಲ ಕೇಳಿದ ಅಥವಾ ಕಳಿಸಿದ. ಅಷ್ಟರಲ್ಲಿ ಮೊದಲನೆಯದೂ ಬಂತು. ಈಗ ಎರಡು ಕೊಡ, ಎರಡು ಸಲ "ಮುಟ್ಟಿತು". ಹಳೇ ನಿಯಮದ ಪ್ರಕಾರ ಪ್ರತಿ "ಮುಟ್ಟಿತು"ವಿಗೂ ಮುಂದಿನ ಕೊಡ ಕಳಿಸಬೇಕು. ಹಾಗಾಗಿ ಅಲ್ಲಿಂದಾಚೆಗೆ ಫೈಲು ಮುಗಿಯೋವರೆಗೂ ಪ್ರತಿ ಕೊಡವೂ ಎರಡೆರಡು ಸಲ! ಇದಕ್ಕೆ ಸಾರ್ಸರರ್ಸ್ ಅಪ್ರೆಂಟಿಸ್ ಸಿಂಡ್ರೋಮ್, ಅಂದರೆ ಮಾಟಗಾರನ ಶಿಷ್ಯನ ಕಾಯಿಲೆ ಅಂತ ಹೆಸರು. ಗಯಟೆಯ ಪದ್ಯವೊಂದರಲ್ಲಿ, ಆಮೇಲೆ ಡಿಸ್ನಿಯ ಫ್ಯಾಂಟೇಸಿಯಾ ಸಿನಿಮಾದಲ್ಲಿ ಬರೋ ಹುಡುಗ ಮಾಟ ಮಾಡಿ ಪೊರಕೆಯಿಂದ ನೀರು ಹೊರಿಸುತ್ತಾನೆ, ನಿಲ್ಲಿಸೋಕೆ ಬರದೆ ಅದನ್ನು ಸೀಳುತ್ತಾನೆ, ಆಗ ಸೀಳಿದ ತುಂಡುಗಳೂ ಎದ್ದು ನೀರು ಹೊರೋಕೆ ಶುರುಮಾಡುತ್ತವೆ. 1992ರ ತಿದ್ದುಪಡಿ ಈ ಕಾಯಿಲೆಗೆ ಮದ್ದು ಕೊಟ್ಟಿತು: ಎರಡನೇ ಸಲ ಬಂದ "ಮುಟ್ಟಿತು"ವಿಗೆ ಏನೂ ಕಳಿಸಬಾರದು.

ತಡವಾದದ್ದನ್ನು ಕಳೆದುಹೋಯಿತು ಅಂತ ತಿಳಿಯೋದು. 2011ರ ಆ ರಾತ್ರಿಯ ಹೊತ್ತಿಗೆ ಈ ಪಾಠ 19 ವರ್ಷ ಹಳೆಯದಾಗಿತ್ತು. ನಾನು ಓದಿರಲಿಲ್ಲ.

*

ಬೂಟ್‌ಪಿಯಲ್ಲಿ ಯಾವ ತಾಯತಕ್ಕೆ ಯಾವ ವಿಳಾಸ ಅಂತ ಒಬ್ಬರು ಕೂತು ಪಟ್ಟಿ ಬರೆಯಬೇಕಿತ್ತು. ಯಂತ್ರಗಳು ಹೆಚ್ಚಾದ ಹಾಗೆ ಅದು ಆಗದ ಕೆಲಸವಾಯಿತು. 1993ರ ಅಕ್ಟೋಬರಿನಲ್ಲಿ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಹೆಸರಿನಲ್ಲಿ ಡಿಎಚ್‌ಸಿಪಿಯ ದಾಖಲೆ ಬಂತು. 1997ರಲ್ಲಿ ತಿದ್ದಿ ಬರೆದ ಆರ್‌ಎಫ್‌ಸಿ 2131 ಇವತ್ತಿಗೂ ಚಾಲ್ತಿಯಲ್ಲಿದೆ. ವಿಳಾಸವನ್ನು ಕೊಟ್ಟುಬಿಡೋದಲ್ಲ, ಗೇಣಿಗೆ ಕೊಡೋದು. ಅವಧಿ ಮುಗಿದರೆ ಬೇರೆಯವರಿಗೆ. "ಯಾರಾದರೂ ಇದ್ದೀರಾ?", "ನಾನಿದ್ದೀನಿ, ಇದು ಖಾಲಿ ಇದೆ", "ಹಾಗಾದರೆ ಅದನ್ನೇ ಕೊಡಿ", "ತಗೋ". ನಾಲ್ಕೇ ಮಾತು. ನಿಮ್ಮ ಫೋನು ಮನೆಯ ವೈಫೈಗೆ ಸೇರುವಾಗಲೂ ಸಾಮಾನ್ಯವಾಗಿ ಇದೇ ಮಾತುಕತೆ ನಡೆಯುತ್ತೆ.

1999ರಲ್ಲಿ ಇಂಟೆಲ್ ಕಂಪನಿ ಪಿಎಕ್ಸ್ಇ 2.1 ಅನ್ನೋ ನಿಯಮಾವಳಿ ಹೊರತಂದಿತು. ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ ಎರಡನ್ನೂ ಸೇರಿಸಿ, ಸಾಮಾನ್ಯ ಪಿಸಿಯೂ ನೆಟ್‌ವರ್ಕಿನಿಂದ ಬೂಟ್ ಆಗುವ ಹಾಗೆ ಮಾಡಿತು. ಅದೇ ವರ್ಷ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಥಾಮಸ್ ಲಾಂಗೆ, ಡೆಬಿಯನ್ನನ್ನು ಮನುಷ್ಯರ ಕೈ ತಾಗದಂತೆ ಹತ್ತಾರು ಯಂತ್ರಗಳಿಗೆ ಹಾಕೋ ಎಫ್ಎಐ ಅನ್ನೋ ಸಾಧನ ಬಿಡುಗಡೆ ಮಾಡಿದರು. ರೆಡ್ ಹ್ಯಾಟ್‌ನಲ್ಲಿ ಕಿಕ್‌ಸ್ಟಾರ್ಟ್ ಅದಕ್ಕೂ ಮೊದಲೇ ಇತ್ತು. 2005ರ ಜೂನಿನಲ್ಲಿ ಬಂದ ಡೆಬಿಯನ್ 3.1ರಲ್ಲಿ ಹೊಸ ಇನ್‌ಸ್ಟಾಲರ್ ಬಂತು, ಜೊತೆಗೆ ಪ್ರೀಸೀಡ್. ಆರು ವರ್ಷದ ನಂತರ ನನ್ನ ಕೈಗೆ ಬಂದದ್ದು ಈ ಸರಪಣಿ.

ಇದನ್ನು ಸರಪಣಿ ಅಂತ ಬೇಕಂತಲೇ ಕರೆದೆ. ನಮಗೆ ಕಾಣೋದು ಒಂದೇ ಯಂತ್ರ. ಆದರೆ ಅದು ಒಂದು ಇನ್‌ಸ್ಟಾಲ್ ಮುಗಿಸೋದರೊಳಗೆ ಮೂರು ಸಲ ಹುಟ್ಟುತ್ತೆ. ಮೊದಲು ಫರ್ಮ್‌ವೇರ್ ಎದ್ದು ವಿಳಾಸ ಕೇಳುತ್ತೆ, ಇನ್‌ಸ್ಟಾಲರನ್ನು ತರಿಸುತ್ತೆ. ಇನ್‌ಸ್ಟಾಲರಿನ ಕರ್ನೆಲ್ ಏಳುತ್ತಲೇ ಫರ್ಮ್‌ವೇರಿಗೆ ಗೊತ್ತಿದ್ದದ್ದೆಲ್ಲ ಮರೆತು, ನೆಟ್‌ವರ್ಕ್ ಕಾರ್ಡನ್ನು ಹೊಸದಾಗಿ ಎಬ್ಬಿಸಿ, ಮತ್ತೆ ವಿಳಾಸ ಕೇಳುತ್ತೆ. ಇನ್‌ಸ್ಟಾಲ್ ಮುಗಿದು ರೀಬೂಟ್ ಆದಮೇಲೆ ಹೊಸ ಲಿನಕ್ಸು ಮೂರನೇ ಸಲ ಕೇಳುತ್ತೆ. ಆಸ್ತಿ ಪತ್ರ ಕೈಯಿಂದ ಕೈಗೆ ಹೋಗುವಾಗ ಕಳೆಯೋದು ಹೆಚ್ಚು. ಇಲ್ಲೂ ತೊಂದರೆಗಳೆಲ್ಲ ಈ ಹಸ್ತಾಂತರದ ಜಾಗದಲ್ಲೇ ಕೂತಿರುತ್ತವೆ.

ಎರಡು ಉದಾಹರಣೆ ಕೊಡ್ತೀನಿ. ಸರ್ವರಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡಿದ್ದರೆ, ಫರ್ಮ್‌ವೇರ್ ಒಂದರಲ್ಲಿ ಬೂಟ್ ಆಗಿ, ಕರ್ನೆಲ್ ಇನ್ನೊಂದನ್ನು ಮೊದಲನೆಯದು ಅಂತ ಎಣಿಸಿ ಕೇಬಲ್ಲೇ ಇಲ್ಲದ ಕಡೆ ಕೂಗುತ್ತಾ ಕೂರಬಹುದು. ಪೀಟರ್ ಆನ್ವಿನ್ ಬರೆದ ಪಿಎಕ್ಸ್ಇ‌ಲಿನಕ್ಸ್‌ನಲ್ಲಿ ಐಪಿಅಪೆಂಡ್ ಅನ್ನೋ ಆಯ್ಕೆ ಇರೋದು ಇದಕ್ಕೇ. "ನಾನು ಈ ತಾಯತದ ಕಾರ್ಡಿನಿಂದ ಬಂದವನು" ಅಂತ ಮುಂದಿನವನಿಗೆ ಚೀಟಿ ಕೊಡುತ್ತೆ. ಇನ್ನೊಂದು, ಫೈರ್‌ವಾಲ್. ಟಿಎಫ್‌ಟಿಪಿ ಕೇಳೋದು 69ನೇ ಪೋರ್ಟಿನಲ್ಲಿ, ಆದರೆ ಉತ್ತರ ಬರೋದು ಬೇರೊಂದು ಪೋರ್ಟಿನಿಂದ. 69 ಮಾತ್ರ ತೆರೆದು ಕೂತವರು ಬಾಗಿಲು ತೆಗೆದಿದ್ದೀನಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಆದರೆ ಆ ರಾತ್ರಿಯ ಕಾರಣ ಇವೆರಡೂ ಅಲ್ಲ.

*

ಬೂಟ್‌ಪಿ ಬಂದ ವರ್ಷವೇ, 1985ರಲ್ಲಿ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಇನ್ನೊಂದು ಸಮಸ್ಯೆ ಬಿಡಿಸಿದರು. ಸ್ವಿಚ್ಚುಗಳ ಮಧ್ಯೆ ಒಂದು ದಾರಿ ಕೆಟ್ಟರೆ ಇರಲಿ ಅಂತ ಎರಡು ದಾರಿ ಹಾಕಿರುತ್ತಾರೆ. ಆದರೆ ಈಥರ್‌ನೆಟ್‌ನಲ್ಲಿ ಒಂದು ಕೂಗಿಗೆ ಆಯುಸ್ಸಿಲ್ಲ. ಐಪಿ ಪ್ಯಾಕೆಟ್ಟಿಗಾದರೆ ಇಷ್ಟು ರೂಟರ್ ದಾಟಿದ ಮೇಲೆ ಸಾಯಬೇಕು ಅಂತ ಲೆಕ್ಕ ಇದೆ, ಈಥರ್‌ನೆಟ್ ಫ್ರೇಮಿಗೆ ಅದಿಲ್ಲ. ದಾರಿ ಸುತ್ತು ಹಾಕಿಕೊಂಡಿದ್ದರೆ ಒಂದೇ ಕೂಗು ಸುತ್ತುತ್ತಾ, ಸುತ್ತುತ್ತಾ, ಪ್ರತಿ ಸ್ವಿಚ್ಚಿನಲ್ಲೂ ಇಮ್ಮಡಿಯಾಗುತ್ತಾ ಕ್ಷಣದಲ್ಲಿ ಇಡೀ ನೆಟ್‌ವರ್ಕನ್ನು ಮುಳುಗಿಸುತ್ತೆ. ಪರ್ಲ್‌ಮನ್ ಅವರ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಬರೋ ದಾರಿಗಳನ್ನು ಮುಚ್ಚಿ, ಮರದ ಕೊಂಬೆಗಳ ಹಾಗೆ ಒಂದರಿಂದ ಇನ್ನೊಂದಕ್ಕೆ ಒಂದೇ ದಾರಿ ಉಳಿಸಿಕೊಳ್ಳುತ್ತವೆ. ತಮ್ಮ ಪ್ರಬಂಧದ ಸಾರಾಂಶವನ್ನು ಅವರು ಪದ್ಯದಲ್ಲೇ ಬರೆದರು. 1990ರಲ್ಲಿ ಈ ವಿಧಾನ ಐಇಇಇ 802.1ಡಿ ಅನ್ನೋ ಮಾನದಂಡವಾಯಿತು.

ಈ ವಿಧಾನದಲ್ಲಿ ಎಚ್ಚರಿಕೆಯೇ ಮುಖ್ಯ. ಪೋರ್ಟಿಗೆ ಹೊಸದಾಗಿ ಏನಾದರೂ ಸಿಕ್ಕಿಸಿದರೆ ಸ್ವಿಚ್ಚು ತಕ್ಷಣ ಬಾಗಿಲು ತೆಗೆಯಲ್ಲ. ಆ ಕಡೆ ಇರೋದು ಕಂಪ್ಯೂಟರೋ, ಸುತ್ತು ಉಂಟುಮಾಡೋ ಇನ್ನೊಂದು ಸ್ವಿಚ್ಚೋ ಅದಕ್ಕೆ ಗೊತ್ತಿಲ್ಲ. ಮಾನದಂಡದ ಪ್ರಕಾರ 15 ಸೆಕೆಂಡು ಬರೀ ಕೇಳಿಸಿಕೊಳ್ಳುತ್ತೆ. ಇನ್ನೊಂದು 15 ಸೆಕೆಂಡು ಆ ಕಡೆ ಯಾರಿದ್ದಾರೆ ಅಂತ ಕಲಿಯುತ್ತೆ. ಒಟ್ಟು 30 ಸೆಕೆಂಡು. ಆಮೇಲಷ್ಟೇ ಮಾತು ಆಚೆ ಹೋಗಲು ಬಿಡುತ್ತೆ.

ಈ 30 ಸೆಕೆಂಡೂ ಲೈಟು ಹತ್ತಿರುತ್ತೆ. ಲೈಟು ಹೇಳೋದು ತಂತಿ ಕೂಡಿದೆ ಅಂತ. ಸ್ವಿಚ್ಚು ಬಾಗಿಲು ತೆಗೆದಿದೆ ಅಂತಲ್ಲ.

ಈಗ ಲೆಕ್ಕ ನೋಡಿ. ಪಿಎಕ್ಸ್ಇ ಬರೆದವರು ತಾಳ್ಮೆಯವರು. ಮೊದಲ ಕೂಗಿಗೆ 4 ಸೆಕೆಂಡು ಕಾಯುತ್ತೆ, ಮುಂದಿನದಕ್ಕೆ 8, ಆಮೇಲೆ 16, ಕೊನೆಗೆ 32. ಒಟ್ಟು 60. ಸ್ವಿಚ್ಚಿನ 30 ಸೆಕೆಂಡು ಅದರೊಳಗೆ ಆರಾಮಾಗಿ ಮುಗಿಯುತ್ತೆ. ಅದಕ್ಕೇ ಫರ್ಮ್‌ವೇರಿಗೆ ವಿಳಾಸ ಸಿಕ್ಕಿತು, ಇನ್‌ಸ್ಟಾಲರ್ ಬಂತು. ಆದರೆ ಇನ್‌ಸ್ಟಾಲರಿನ ಕರ್ನೆಲ್ ಎದ್ದು ಕಾರ್ಡನ್ನು ಹೊಸದಾಗಿ ಎಬ್ಬಿಸಿದಾಗ ಲಿಂಕು ಒಂದು ಕ್ಷಣ ಆರಿ ಹತ್ತುತ್ತೆ. ಸ್ವಿಚ್ಚಿನ ಕಣ್ಣಿಗೆ ಅದು ಹೊಸಬ. ಮತ್ತೆ ಮೊದಲಿಂದ 30 ಸೆಕೆಂಡು. ಇನ್‌ಸ್ಟಾಲರ್ ಕಾದದ್ದು ಎಷ್ಟು? 15 ಸೆಕೆಂಡು.

ಆ 15 ಬರೆದದ್ದು ಯಾರು? ನಾನು.

ಆಫೀಸಿನ ನನ್ನ ಮೇಜಿನ ಮೇಲೆ ಒಂದು ಸಣ್ಣ ಸ್ವಿಚ್ಚಿಟ್ಟುಕೊಂಡು ಪ್ರಯೋಗ ಮಾಡುವಾಗ, ಬೇಗ ಬೇಗ ಮುಗಿಯಲಿ ಅಂತ ಬೂಟ್ ಸಾಲಿನಲ್ಲಿ ಡಿಎಚ್‌ಸಿಪಿ ಟೈಮ್‌ಔಟ್ 15 ಅಂತ ಬರೆದಿದ್ದೆ. ಆ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀಯೇ ಇರಲಿಲ್ಲ. ಅದನ್ನೇ ಎತ್ತಿ ಡೇಟಾ ಸೆಂಟರಿಗೆ ತಂದಿದ್ದೆ. ಹಳೇ ರ‍್ಯಾಕಿನ ಸ್ವಿಚ್ಚಿನಲ್ಲಿ, ಈ ಪೋರ್ಟುಗಳ ಆಚೆ ಇರೋದು ಕಂಪ್ಯೂಟರು ಮಾತ್ರ, ಕಾಯಬೇಡ ಅಂತ ಯಾರೋ ಹಿಂದೆಯೇ ಬರೆದಿಟ್ಟಿದ್ದರು. ಸಿಸ್ಕೋದವರು ಇದನ್ನು ಪೋರ್ಟ್‌ಫಾಸ್ಟ್ ಅಂತ ಕರೆದರು. ಆಮೇಲೆ 2001ರಲ್ಲಿ ಬಂದ ವೇಗದ ಸ್ಪ್ಯಾನಿಂಗ್ ಟ್ರೀಯಲ್ಲಿ ಇಂಥವನ್ನು ಎಡ್ಜ್ ಪೋರ್ಟ್ ಅಂದರು. ಹೊಸ ರ‍್ಯಾಕಿನ ಸ್ವಿಚ್ಚು ಡಬ್ಬದಿಂದ ತೆಗೆದು ಹಾಗೇ ಇಟ್ಟದ್ದು. ಯಾರೂ ಏನೂ ಬರೆದಿರಲಿಲ್ಲ. ಅದರಿಂದಲೇ 8 ಹೋಗಿ 16 ನಿಂತಿತ್ತು.

ಹಾಗಾದರೆ ಹೊಸ ತುದಿ ಕಟ್ಟಿದ ಮೇಲೆ ಸರಿಹೋದದ್ದು ಹೇಗೆ? ಅವನು ಸಿಕ್ಕಿಸುತ್ತಿದ್ದ. ಆಮೇಲೆ ವೆಲ್‌ಕ್ರೋ ಕಟ್ಟುತ್ತಿದ್ದ. ಲೇಬಲ್ ಅಂಟಿಸುತ್ತಿದ್ದ. "ಆಯ್ತು ಸಾರ್" ಅನ್ನುತ್ತಿದ್ದ. ನಾನು ಆಚೆ ತುದಿಗೆ ನಡೆದು ಹೋಗುತ್ತಿದ್ದೆ. ಇಷ್ಟರಲ್ಲಿ 30 ಸೆಕೆಂಡು ಯಾವಾಗಲೋ ಕಳೆದಿರುತ್ತಿತ್ತು, ಸ್ವಿಚ್ಚು ಬಾಗಿಲು ತೆಗೆದಿರುತ್ತಿತ್ತು. ಆಗ ರೀಟ್ರೈ ಒತ್ತಿದರೆ ಆಗದೇ ಇರುತ್ತಾ? ನಾನು ರೀಬೂಟ್ ಮಾಡಿದಾಗೆಲ್ಲ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು, ಅದಕ್ಕೆ ಪ್ರತಿ ಸಲವೂ ಸೋಲುತ್ತಿತ್ತು. ಅವನ ಅಚ್ಚುಕಟ್ಟುತನ ನನ್ನ ತಪ್ಪನ್ನು ಮುಚ್ಚಿತು. ಅದನ್ನೇ ನಾನು ಅವನ ತಪ್ಪಿಗೆ ಸಾಕ್ಷಿ ಅಂತ ಮೇಲಿನಲ್ಲಿ ಬರೆದೆ.

ಇನ್ನೂ ನಾಚಿಕೆಯ ವಿಷಯ ಅಂದರೆ, ಸಾಕ್ಷಿ ಕಣ್ಣೆದುರೇ ಇತ್ತು. ಇನ್‌ಸ್ಟಾಲರ್ ಬಂದದ್ದು ಅದೇ ಕೇಬಲ್ಲಿನ ಮೇಲೆ. ಕೆಲವು ಸೆಕೆಂಡಿನ ಹಿಂದೆ ಇಡೀ ಕರ್ನೆಲ್ಲನ್ನು ಒಂದೂ ಅಕ್ಷರ ಬಿಡದೆ ಹೊತ್ತು ತಂದ ಕೇಬಲ್ಲು, ಹದಿನಾರು ಕಡೆ, ಒಂದೇ ಗಳಿಗೆಯಲ್ಲಿ ಕೆಟ್ಟುಹೋಗುತ್ತಾ?

*

ನನಗೆ ಇದು ಹೊಳೆದದ್ದು 11 ದಿನದ ಮೇಲೆ. ಡಿಸ್ಕ್ ಭಾಗ ಮಾಡಿದ್ದು ಸರಿಯಿಲ್ಲ, ಹದಿನಾರನ್ನೂ ಮತ್ತೆ ಇನ್‌ಸ್ಟಾಲ್ ಮಾಡಿ ಅಂದರು. ಹೋದೆ. ಹೊಸ ತುದಿ ಕಟ್ಟಿದ ಅದೇ ಕೇಬಲ್ಲುಗಳು. ಅದೇ ಕೆಂಪು ಸಂದೇಶ. ಹೊಟ್ಟೆಯೊಳಗೆ ತಣ್ಣಗಾಯಿತು. ಏನೂ ತೋಚದೆ ಕೆಳಗೆ ಹೋಗಿ ಚಹಾ ಕುಡಿದು ಬಂದೆ. ಸುಮ್ಮನೆ ರೀಟ್ರೈ ಒತ್ತಿದೆ. ಹೋಯಿತು. ಯಾರೂ ಕೇಬಲ್ ಮುಟ್ಟಿರಲಿಲ್ಲ.

ಆಮೇಲೆ ಸರ್ವರಿನಲ್ಲಿ ಟಿಸಿಪಿಡಂಪ್ ಹಾಕಿ ಕೂತೆ. ಇಂಥ ಹೊತ್ತಲ್ಲಿ ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ಮೂರು ಜನ್ಮದಲ್ಲಿ ಯಾವುದರ ಕೂಗು ಮುಟ್ಟುತ್ತಿದೆ, ಯಾವುದರದ್ದು ಮುಟ್ಟುತ್ತಿಲ್ಲ ಅಂತ ನೇರ ತೋರಿಸುತ್ತೆ. ಫರ್ಮ್‌ವೇರಿನ ಕೂಗು ಬಂತು, ಉತ್ತರ ಹೋಯಿತು. ಇನ್‌ಸ್ಟಾಲರಿನ ಕೂಗು ಬರಲೇ ಇಲ್ಲ. ಸರ್ವರ್ ಉತ್ತರ ಕೊಡದೇ ಇದ್ದದ್ದಲ್ಲ, ಪ್ರಶ್ನೆಯೇ ಮುಟ್ಟಿರಲಿಲ್ಲ. ಗಡಿಯಾರ ಹಿಡಿದು ಎಣಿಸಿದೆ. ಲಿಂಕು ಹತ್ತಿ 30 ಸೆಕೆಂಡು ಆದಮೇಲೆ ಒತ್ತಿದರೆ ಪ್ರತಿ ಸಲವೂ ಬರುತ್ತೆ.

ಟೈಮ್‌ಔಟನ್ನು 60 ಮಾಡೋಣ ಅಂತ ಮೊದಲು ಪ್ರೀಸೀಡ್ ಫೈಲಿನಲ್ಲಿ ಬರೆದೆ. ಏನೂ ಆಗಲಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ ಅಂತ ಹೇಳಿದ್ದೆನಲ್ಲ, ಇಲ್ಲಿ ಬಂತು ನೋಡಿ. ಆ ಫೈಲು ಬರೋದೇ ನೆಟ್‌ವರ್ಕಿನಿಂದ. ನೆಟ್‌ವರ್ಕಿಗೆ ಎಷ್ಟು ಕಾಯಬೇಕು ಅನ್ನೋದನ್ನು ನೆಟ್‌ವರ್ಕ್ ಬಂದ ಮೇಲೆ ಓದಿದರೆ ಏನು ಪ್ರಯೋಜನ? ನೆಟ್‌ವರ್ಕಿಗೆ ಸಂಬಂಧಿಸಿದ್ದನ್ನು ಕರ್ನೆಲ್ಲಿನ ಬೂಟ್ ಸಾಲಿನಲ್ಲೇ ಬರೆಯಬೇಕು. ಅಲ್ಲಿ 15 ಅಳಿಸಿ 60 ಬರೆದೆ. ನೆಟ್‌ವರ್ಕ್ ತಂಡದವರಿಗೆ ಹೇಳಿ ಹದಿನಾರು ಪೋರ್ಟನ್ನೂ ಎಡ್ಜ್ ಪೋರ್ಟ್ ಮಾಡಿಸಿದೆ. ಹದಿನಾರೂ ಯಂತ್ರ ಒಟ್ಟಿಗೇ ಎದ್ದು, ಒಟ್ಟಿಗೇ ಮುಗಿಸಿದವು. ಅರ್ಧ ಗಂಟೆಯ ಕೆಲಸ.

ಇನ್ನೊಂದು ಮೇಲ್ ಬರೆಯಬೇಕಿತ್ತು. ಎರಡು ದಿನ ಬರೆಯಲಿಲ್ಲ. ಮೂರನೇ ದಿನ ಬರೆದೆ, ಕೇಬಲ್ ತಪ್ಪಲ್ಲ, ಟೈಮ್‌ಔಟ್ ನಾನು ಬರೆದದ್ದು ಅಂತ. ಆದರೆ ಮೊದಲನೆಯದು ಹದಿನಾಲ್ಕು ಜನಕ್ಕೆ ಹೋಗಿತ್ತು, ಇದನ್ನು ಮೂರು ಜನಕ್ಕೆ ಕಳಿಸಿದೆ. ಇವತ್ತಿಗೂ ನನಗೆ ಚುಚ್ಚೋದು ಆ ಲೆಕ್ಕ. ಮ್ಯಾನೇಜರು "ಪರವಾಗಿಲ್ಲ, ಈಗ ಸರಿಹೋಯ್ತಲ್ಲ" ಅಂತ ಉತ್ತರಿಸಿದರು. ಗುತ್ತಿಗೆದಾರ ಆ ಮೂವರಲ್ಲಿ ಇರಲಿಲ್ಲ.

ಗೇಟಿನ ರಿಜಿಸ್ಟರಿನಿಂದ ಅವನ ನಂಬರು ಹುಡುಕಿ ಫೋನ್ ಮಾಡಿದೆ. ಅಷ್ಟೊತ್ತಿಗೆ ಅವನು ಬೇರೆ ಯಾವುದೋ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದ, ಹಿಂದೆ ಡ್ರಿಲ್ಲಿನ ಸದ್ದು. ಕಷ್ಟಪಟ್ಟು ವಿಷಯ ಹೇಳಿದೆ. ಸ್ಪ್ಯಾನಿಂಗ್ ಟ್ರೀ, ಟೈಮ್‌ಔಟ್ ಅಂತೇನೋ ವಿವರಿಸೋಕೆ ಹೋದೆ. ಅವನು ಮಧ್ಯದಲ್ಲೇ, "ಲೈಟ್ ಹತ್ತಿತ್ತಲ್ಲ ಸಾರ್, ಅವತ್ತೇ ಹೇಳಿದ್ನಲ್ಲ" ಅಂದ. ಎರಡು ದಿನದ ಕೂಲಿ ನಾನು ಕೊಡ್ತೀನಿ ಅಂದೆ. "ಇರ‍್ಲಿ ಬಿಡಿ ಸಾರ್" ಅಂದು ಇಟ್ಟುಬಿಟ್ಟ. ಮತ್ತೆರಡು ಸಲ ಮಾಡಿದೆ, ಎತ್ತಲಿಲ್ಲ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ, ಸ್ವಿಚ್ಚು ಗಿಚ್ಚು ಬಿಟ್ಟು. ಅವರು ನಗಲಿಲ್ಲ. "ಅವ್ನಿಗೆ ಮಕ್ಕಳೆಷ್ಟು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಈಗ ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರಿಗೆ ಇನ್‌ಸ್ಟಾಲ್ ಕೆಲಸ ಕಲಿಸೋದು ನಾನೇ. ಅವರಿಗಂತ ಒಂದು ಪುಟದ ಪಟ್ಟಿ ಮಾಡಿಟ್ಟಿದ್ದೀನಿ. ಕೂಗು ಸರ್ವರಿಗೆ ಮುಟ್ಟಿತಾ ನೋಡಿ, ಯಾವ ಜನ್ಮದಲ್ಲಿ ನಿಂತಿತು ನೋಡಿ, ಕಾರ್ಡು ಯಾವುದು, ರಿಲೇ ಇದೆಯಾ, ಫೈರ್‌ವಾಲ್ ಏನನ್ನು ತಡೀತಿದೆ, ಹೀಗೆ. ಪಟ್ಟಿಯ ಮೊದಲ ಸಾಲು ಮಾತ್ರ ಬೇರೆ ಥರದ್ದು. ಲೈಟು ಹತ್ತಿದ್ದರೆ ಒಂದು ನಿಮಿಷ ಕಾದು ರೀಟ್ರೈ ಒತ್ತಿ, ಅಲ್ಲಿವರೆಗೂ ಯಾರಿಗೂ ಮೇಲ್ ಬರೆಯಬೇಡಿ.